ತೋಟದ ಮನೆಗೆ ಕಾಕರ್ ಸ್ಪಾನಿಯಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಕರ್ ಇದೆ. ಒಂದಾದ ಮೇಲೆ ಒಂದರಂತೆ ಮೂರು. ಕೊಡಗಿನ ಸುಂಟಿಕೊಪ್ಪದ ಕಡೆ ಕಾಫಿ ತೋಟ. ಮನೆ ಸುತ್ತ ಬೇಲಿ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಪಶು ಆಸ್ಪತ್ರೆಯ ಬೆಂಚಿನ ಮೇಲೆ ಜನ ನನ್ನನ್ನು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಕಾಕರ್ ಅಂದ್ರೆ ಯಾವ ನಾಯಿ? ಎಷ್ಟು ದೊಡ್ಡದಾಗುತ್ತೆ?

ಉದ್ದ ಕಿವಿ, ರೇಷ್ಮೆಯಂಥ ಕೂದಲು, ಅಳು ಬಂದ ಹಾಗೆ ನೋಡುವ ಕಣ್ಣು. ಅದೇ. ನಾನು ಹೇಳುತ್ತಿರುವುದು ಇಂಗ್ಲಿಷ್ ಕಾಕರ್ ಬಗ್ಗೆ. ಎತ್ತರ ಸುಮಾರು 38ರಿಂದ 41 ಸೆಂಟಿಮೀಟರ್, ತೂಕ 13ರಿಂದ 14.5 ಕಿಲೋ. ಅಮೆರಿಕನ್ ಕಾಕರ್ ಬೇರೆ ತಳಿ. ಅದು ಇನ್ನೂ ಸ್ವಲ್ಪ ಗಿಡ್ಡ, ತಲೆ ಗುಂಡಗೆ, ಮೂತಿ ಮೊಂಡು, ಕೂದಲು ಜಾಸ್ತಿ. ನಮ್ಮ ಮಳೆಗೆ, ನಮ್ಮ ಕೆಸರಿಗೆ ಅಷ್ಟು ಕೂದಲು ಯಾಕೆ ಬೇಕು ಹೇಳಿ?

ಬ್ರಿಟನ್ನಿನ ವುಡ್‌ಕಾಕ್ ಎಂಬ ಹಕ್ಕಿಯನ್ನು ಪೊದೆಯಿಂದ ಎಬ್ಬಿಸಲು ಸಾಕಿದ ನಾಯಿಯಾದ್ದರಿಂದ ಕಾಕರ್ ಎಂಬ ಹೆಸರು. ಹಿಂದೆ ಒಂದೇ ಸೂಲಿನ ಮರಿಗಳಲ್ಲಿ ದೊಡ್ಡದನ್ನು ಸ್ಪ್ರಿಂಗರ್, ಚಿಕ್ಕದನ್ನು ಕಾಕರ್ ಅನ್ನುತ್ತಿದ್ದರು. 1892ರಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಅಲ್ಲಿನ ಕೆನೆಲ್ ಕ್ಲಬ್ ಕಾಕರನ್ನು ಬೇರೆ ತಳಿ ಎಂದು ಒಪ್ಪಿಕೊಂಡಿತು. ಈ ಹಳೆ ಕಥೆ ಹೇಳಲು ಕಾರಣವಿದೆ. ಈ ನಾಯಿಯ ಗುಣ, ತಂಟೆ ಎರಡೂ ಆ ಪೊದೆ ಕೆಲಸದಿಂದಲೇ ಬಂದದ್ದು.

ಸ್ವಭಾವ ಹೇಗೆ?

ಖುಷಿ ನಾಯಿ. ತಳಿಯ ಲಕ್ಷಣ ಬರೆದಿಟ್ಟವರೇ ಬಾಲ ಸದಾ ಅಲ್ಲಾಡುತ್ತಿರಬೇಕು ಎಂದಿದ್ದಾರೆ. ನಮ್ಮದು ಬಾಲ ಒಂದನ್ನೇ ಅಲ್ಲ, ಸೊಂಟದಿಂದ ಹಿಂದಕ್ಕೆ ಇರುವುದೆಲ್ಲವನ್ನೂ ಅಲ್ಲಾಡಿಸುತ್ತದೆ. ಜನ ಬೇಕು. ನೀವು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕಾಯುತ್ತದೆ.

ಅದರ ಜೊತೆಗೇ ಮನಸ್ಸು ತುಂಬಾ ಮೆತ್ತಗೆ. ಮನೆಯಲ್ಲಿ ಯಾರಾದರೂ ಜೋರಾಗಿ ಜಗಳವಾಡಿದರೆ ಮೊದಲು ಮಂಚದ ಕೆಳಗೆ ಹೋಗುವುದು ಇದೇ. ಗದರಿದ್ದನ್ನು ಸಂಜೆಯವರೆಗೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ಇಷ್ಟು ಮೆತ್ತನೆಯ ನಾಯಿಗೆ ಹಟ ಇರಲ್ಲ ಅಂದುಕೊಂಡರೆ ಮೋಸ ಹೋಗುತ್ತೀರಿ. ಮೂಗಿಗೆ ವಾಸನೆ ಹತ್ತಿದ ಮೇಲೆ ಅದರ ಹಟದ ಮುಂದೆ ನಮ್ಮ ಅಜ್ಜಿಯದೂ ಏನೂ ಅಲ್ಲ.

ಕಾಕರ್‌ನಲ್ಲೇ ಎರಡು ಬಗೆ ಇವೆ. ಪ್ರದರ್ಶನಕ್ಕೆ ಬೆಳೆಸಿದ್ದು, ಕೆಲಸಕ್ಕೆ ಬೆಳೆಸಿದ್ದು. ಕೆಲಸದ ಬಗೆಗೆ ಕಿವಿ ಸ್ವಲ್ಪ ಗಿಡ್ಡ, ಕೂದಲು ಕಡಿಮೆ, ಕಾಲು ಮಾತ್ರ ಒಂದು ನಿಮಿಷ ನಿಲ್ಲಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಪ್ರದರ್ಶನದ ಬಗೆ. ಅದಕ್ಕೂ ದಿನಕ್ಕೆ ಒಂದು ಗಂಟೆಯಾದರೂ ಓಡಾಟ ಬೇಕು. ಅಂಗಳದಲ್ಲಿ ಕಟ್ಟಿಹಾಕಿದರೆ ಬೊಗಳಿ ಬೊಗಳಿ ನಿಮ್ಮ ತಲೆ ಕೆಡಿಸುತ್ತದೆ.

ಕಲಿಸಲು ಸುಲಭವಾ?

ಸುಲಭ. ಆದರೆ ಹೊಟ್ಟೆಬಾಕ ನಾಯಿ ಅನ್ನುವುದನ್ನು ಉಪಯೋಗಿಸಿಕೊಳ್ಳಬೇಕು. ಕೋಳಿ ಈಲಿ ಬೇಯಿಸಿ ಹುಣಸೆ ಬೀಜದಷ್ಟು ಚೂರು ಮಾಡಿಟ್ಟುಕೊಳ್ಳಿ. ಉಪ್ಪು, ಖಾರ, ಈರುಳ್ಳಿ ಯಾವುದೂ ಬೇಡ. ಕೂರುವುದನ್ನು ನಮ್ಮ ಎರಡನೆಯ ನಾಯಿ ಮುತ್ತು ಎರಡು ದಿನದಲ್ಲಿ ಕಲಿತ. ಬಿದ್ದದ್ದನ್ನು ತಂದುಕೊಡುವುದನ್ನು ಕಲಿಸಲೇ ಇಲ್ಲ, ಹುಟ್ಟುತ್ತಲೇ ಬಂದಿತ್ತು. ಕೋಳಿಮೊಟ್ಟೆ ಕಚ್ಚಿಕೊಂಡು ಬಂದು ಒಡೆಯದೆ ನನ್ನ ಕೈಗೆ ಕೊಟ್ಟಿದ್ದ. ಹೊಡೆದು ಬಿದ್ದ ಹಕ್ಕಿಯನ್ನು ಜಜ್ಜದೆ ತರಬೇಕಾದ ನಾಯಿ ಅಲ್ವಾ, ಬಾಯಿ ಅಷ್ಟು ಹಗುರ.

ಒಂದು ಸಲಕ್ಕೆ ಐದು ನಿಮಿಷ ಸಾಕು. ದಿನಕ್ಕೆ ಮೂರು ಸಲ. ಅರ್ಧ ಗಂಟೆ ಹಿಡಿದು ನಿಲ್ಲಿಸಿದರೆ ಅದು ಆಕಾಶ ನೋಡಲು ಶುರು ಮಾಡುತ್ತದೆ. ಸರಿಯಾಗಿ ಮಾಡಿದ್ದಕ್ಕೆ ಚೂರು ತಕ್ಷಣ ಸಿಗಬೇಕು. ಜೇಬಲ್ಲಿ ಹುಡುಕಿ ಕೊಡುವಷ್ಟರಲ್ಲಿ ಅದು ಕೂತಿದ್ದು ಮರೆತು ಎದ್ದಿರುತ್ತದೆ. ಆಗ ನೀವು ಎದ್ದದ್ದಕ್ಕೆ ಲಂಚ ಕೊಟ್ಟಂತಾಯಿತು.

ಆ ಚೂರುಗಳನ್ನು ದಿನದ ಊಟದ ಲೆಕ್ಕದಲ್ಲೇ ಕಳೆಯಿರಿ. ಕಾಕರ್ ಬೇಗ ಕೊಬ್ಬುತ್ತದೆ.

ಯಾವ ಭಾಷೆಯಲ್ಲಿ ಹೇಳಬೇಕು?

ಈ ಪ್ರಶ್ನೆಗೆ ಬೇರೆ ಊರಿನವರು ನಗಬಹುದು. ನಮ್ಮಲ್ಲಿ ಅಡುಗೆಮನೆಯಲ್ಲಿ ಕೊಡವ ತಕ್ಕ್, ಅಂಗಳದಲ್ಲಿ ಕನ್ನಡ, ಕೆಲಸದವರ ಲೈನ್ ಮನೆಯಲ್ಲಿ ಮಲಯಾಳ, ತಮಿಳು, ಈಗ ಅಸ್ಸಾಮಿಯೂ ಇದೆ. ಮಕ್ಕಳು ಬೆಂಗಳೂರಿನಿಂದ ಬಂದರೆ ಇಂಗ್ಲಿಷು. ನಾಯಿಗೆ ಭಾಷೆ ಮುಖ್ಯವಲ್ಲ, ಸದ್ದು ಮುಖ್ಯ. ಒಬ್ಬರು ‘ಕೂತ್ಕೋ’, ಇನ್ನೊಬ್ಬರು ‘ಸಿಟ್’, ಮತ್ತೊಬ್ಬರು ‘ಏ, ಕೂತ್ಕೊಳ್ಳೋ ಮಾರಾಯ’ ಅಂದರೆ ಅದು ಮೂರೂ ಜನರನ್ನು ಬಿಟ್ಟು ಅಡುಗೆಮನೆಗೆ ಹೋಗುತ್ತದೆ. ನಾವು ಆರು ಮಾತು ಆರಿಸಿ ಒಂದು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದೆವು. ‘ಬಾ’ ಎಲ್ಲರಿಗೂ ಒಂದೇ, ಅದಕ್ಕೆ ಜಗಳವೇ ಇರಲಿಲ್ಲ.

ಮನೆಯೊಳಗೆ ಹೇಳಿದ್ದೆಲ್ಲ ಕೇಳುತ್ತೆ. ತೋಟಕ್ಕಿಳಿದರೆ ಕರೆದರೂ ಬರಲ್ಲ. ಯಾಕೆ?

ಎಲ್ಲರೂ ಕೇಳುವುದು ಇದನ್ನೇ. ನಾನೂ ಮೊದಲ ನಾಯಿಯ ಜೊತೆ ಮೂರು ವರ್ಷ ಸೋತದ್ದು ಇದರಲ್ಲೇ.

ತೋಟ ಅಂದರೆ ನಮಗೆ ಕಾಫಿ ಗಿಡ, ಒಳ್ಳೆಮೆಣಸಿನ ಬಳ್ಳಿ, ನೆರಳಿನ ಮರ. ನಾಯಿಗೆ ಹಾಗಲ್ಲ. ರಾತ್ರಿ ಕಾಡುಹಂದಿ ಕೆದಕಿದ ಮಣ್ಣು, ಬೆಳಗ್ಗೆ ಕಾಡುಕೋಳಿ ನಡೆದ ಜಾಡು, ಮುಳ್ಳುಹಂದಿ, ಮರಬೆಕ್ಕು, ಕೆರೆ ಪಕ್ಕದ ನೀರುನಾಯಿ. ಇಷ್ಟನ್ನೂ ನೆಲಕ್ಕೆ ಮೂಗು ಹಚ್ಚಿ ಓದುತ್ತಿರುವಾಗ ನೀವು ಕಣದಲ್ಲಿ ನಿಂತು ಕೂಗಿದ್ದು ಅದರ ಕಿವಿಗೆ ಬೀಳುವುದೇ ಇಲ್ಲ. ಬೇಕಂತ ಮಾಡುವುದಲ್ಲ. ಮೂಗು ಕೆಲಸ ಮಾಡುವಾಗ ಕಿವಿ ರಜೆಯಲ್ಲಿರುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಹೀಗಿದೆ. ಮೊದಲು ಬಾಯಲ್ಲಿ ಕೂಗುವುದನ್ನು ಬಿಟ್ಟು ವಿಸಲ್ ಹಿಡಿಯಿರಿ. ಗಂಟಲು ಒಂದು ದಿನ ಕೋಪ, ಒಂದು ದಿನ ಗಾಬರಿ ತೋರಿಸುತ್ತದೆ, ವಿಸಲ್ ಯಾವತ್ತೂ ಒಂದೇ ಥರ. ಬೇಟೆನಾಯಿಗೆಂದೇ ನಂಬರ್ ಹಾಕಿದ ಪ್ಲಾಸ್ಟಿಕ್ ವಿಸಲ್ ಸಿಗುತ್ತದೆ, ಸ್ಪಾನಿಯಲ್‌ಗೆ 210.5 ರೂಢಿ. ಕಳೆದುಹೋದರೆ ಅದೇ ನಂಬರ್ ತರಿಸಿದರೆ ಅದೇ ಸ್ವರ ಬರುತ್ತದೆ. ಗಿಡ ಕಸಿ ಮಾಡುವವರಿಗೆ ಚಾಕು ಹೇಗೋ ಹಾಗೆ, ನನ್ನ ಕುತ್ತಿಗೆಯಲ್ಲಿ ಅದು ಯಾವಾಗಲೂ ಇರುತ್ತದೆ. ಚಿಕ್ಕ ಚಿಕ್ಕದಾಗಿ ನಾಲ್ಕೈದು ಸಲ ಊದಿದರೆ ಬಾ ಎಂದು ಅರ್ಥ. ಉದ್ದಕ್ಕೆ ಒಂದೇ ಸಲ ಊದಿದರೆ ಇದ್ದಲ್ಲೇ ಕೂರಬೇಕು. ಬ್ರಿಟನ್ನಿನ ಬೇಟೆನಾಯಿ ತರಬೇತಿಯಲ್ಲಿ ಇದೇ ಕ್ರಮ.

ಮೊದಲ ಎರಡು ವಾರ ವಿಸಲ್ ಊದುವುದು ಊಟದ ತಟ್ಟೆ ಇಡುವಾಗ ಮಾತ್ರ. ಆಮೇಲೆ ಮನೆಯೊಳಗೆ, ಆಮೇಲೆ ಕಣದಲ್ಲಿ. ಕಾಫಿ ಹರಡದ ತಿಂಗಳಲ್ಲಿ ಕಣದಷ್ಟು ಒಳ್ಳೆಯ ಶಾಲೆ ಬೇರೆ ಇಲ್ಲ. ಅಲ್ಲಿ ವಾಸನೆ ಕಡಿಮೆ. ತೋಟಕ್ಕೆ ಇಳಿಯುವಾಗ ಮೂವತ್ತು ಅಡಿ ಹಗ್ಗ ಕಟ್ಟಿ ನೆಲದ ಮೇಲೆ ಎಳೆದುಕೊಂಡು ಹೋಗಲು ಬಿಡಿ. ಕತ್ತಿನ ಬೆಲ್ಟಿಗೆ ಬೇಡ, ಎದೆಗೆ ಹಾಕುವ ಪಟ್ಟಿಗೆ ಕಟ್ಟಿ. ಹಗ್ಗ ಎಳೆಯಲು ಅಲ್ಲ, ಓಡಿಹೋದರೆ ತುದಿ ಮೆಟ್ಟಿ ನಿಲ್ಲಿಸಲು. ನಮಗೆ ಹಗ್ಗ ಬಿಚ್ಚಲು ಎಂಟು ತಿಂಗಳು ಹಿಡಿಯಿತು.

ಜನ ತಪ್ಪುವುದು ಇನ್ನೊಂದು ಕಡೆ. ನಾಯಿಯನ್ನು ಕರೆಯುವುದು ಮನೆಗೆ ಹೋಗುವ ಹೊತ್ತಿಗೆ ಮಾತ್ರ. ಬಂದ ತಕ್ಷಣ ಚೈನು. ನಾಲ್ಕು ದಿನದಲ್ಲಿ ಅದಕ್ಕೆ ಗೊತ್ತಾಗುತ್ತದೆ, ಬಂದರೆ ಆಟ ಮುಗೀತು ಅಂತ. ಹತ್ತು ಸಲ ಕರೆದು ಒಂಬತ್ತು ಸಲ ಚೂರು ಕೊಟ್ಟು ‘ಹೋಗು’ ಅಂತ ಮತ್ತೆ ಬಿಡಿ. ತೋಟ ಕೊಡುವವರೇ ನೀವು ಅನ್ನುವುದು ಅದಕ್ಕೆ ತಿಳಿಯಬೇಕು. ಎಷ್ಟು ತಡವಾಗಿ ಬಂದರೂ ಬಂದ ಮೇಲೆ ಬೈಯಬೇಡಿ. ನಾನು ಬೈದಿದ್ದೆ. ಕಾಡುಕೋಳಿ ಹಿಂದೆ ಬಿದ್ದು ಪಕ್ಕದ ತೋಟ ದಾಟಿ ಸಂಜೆ ಬಂದವನಿಗೆ ಎರಡು ಬಾರಿಸಿಯೂ ಬಿಟ್ಟಿದ್ದೆ. ಮಾರನೆಯ ದಿನದಿಂದ ಅವನು ಹತ್ತು ಅಡಿ ದೂರದವರೆಗೆ ಬಂದು ಅಲ್ಲೇ ನಿಲ್ಲತೊಡಗಿದ. ಆ ಹತ್ತು ಅಡಿ ಕಡಿಮೆ ಮಾಡಲು ನನಗೆ ಒಂದು ಮಳೆಗಾಲ ಬೇಕಾಯಿತು.

ಹಾಗಾದ್ರೆ ಹೊಡೀಲೇಬಾರದಾ? ನಮ್ಮಪ್ಪ ಎಲ್ಲ ನಾಯಿಗೂ ಕೋಲಲ್ಲೇ ಕಲಿಸಿದ್ದು.

ಅಪ್ಪ ಸಾಕಿದ್ದು ಊರು ನಾಯಿ, ಅವುಗಳ ಗಟ್ಟಿತನವೇ ಬೇರೆ. ಅವಕ್ಕೂ ಹೊಡೆಯಬೇಕಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಇರಲಿ. ಕಾಕರ್ ಏಟು ತಿಂದರೆ ಎರಡರಲ್ಲಿ ಒಂದಾಗುತ್ತದೆ. ಕೈ ಎತ್ತಿದರೆ ಉಚ್ಚೆ ಹೊಯ್ಯುವ ಅಂಜುಬುರುಕ, ಇಲ್ಲ ಕೈ ಹತ್ತಿರ ಬಂದರೆ ಕಚ್ಚುವ ನಾಯಿ. ಪೇಟೆಯ ಒಬ್ಬ ತರಬೇತುದಾರರ ಬಳಿ ನಮ್ಮ ಮೊದಲನೆಯದನ್ನು ಒಂದು ತಿಂಗಳು ಬಿಟ್ಟಿದ್ದೆವು. ಕತ್ತು ಬಿಗಿಯುವ ಚೈನು ಹಾಕಿ ಕಲಿಸಿದ್ದರು. ಸಿಪಾಯಿಯ ಹಾಗೆ ಕೂರುತ್ತಿತ್ತು, ಬಾಲ ಮಾತ್ರ ಅಲ್ಲಾಡುತ್ತಿರಲಿಲ್ಲ.

ಅತಿಥಿ ಬಂದ್ರೆ ಅಲ್ಲೇ ಉಚ್ಚೆ ಹೊಯ್ಯುತ್ತೆ. ಕೊಬ್ಬಾ?

ಅಲ್ಲ. ಮರಿಗಳಲ್ಲಿ ಇದು ಸಾಮಾನ್ಯ, ಕಾಕರ್ ಮರಿಗಳಲ್ಲಂತೂ ಜಾಸ್ತಿ. ಖುಷಿ, ಭಯ, ‘ನೀವೇ ದೊಡ್ಡವರು’ ಅನ್ನುವ ವಿನಯ ಎಲ್ಲ ಒಟ್ಟಿಗೆ ಸೇರಿ ಆಗುವುದು. ಬಗ್ಗಿ ತಲೆ ಸವರಬೇಡಿ, ಬೈಯಬೇಡಿ. ಬಂದವರಿಗೆ ಎರಡು ನಿಮಿಷ ಅದನ್ನು ನೋಡದೆ ಇರಲು ಹೇಳಿ, ಮಾತುಕತೆ ಅಂಗಳದಲ್ಲೇ ಶುರುವಾಗಲಿ. ಬಹಳಷ್ಟು ನಾಯಿಗಳಿಗೆ ವರ್ಷ ತುಂಬುವಷ್ಟರಲ್ಲಿ ತಾನಾಗಿಯೇ ನಿಲ್ಲುತ್ತದೆ.

ಚಪ್ಪಲಿ, ಎಲುಬು ಸಿಕ್ಕಿದ್ರೆ ಗುರ್ರ್ ಅನ್ನುತ್ತೆ. ಕಿತ್ಕೊಂಡ್ರೆ ಕಚ್ಚಲು ಬರುತ್ತೆ.

ಇದು ತಮಾಷೆಯಲ್ಲ. ತಂದುಕೊಡುವ ನಾಯಿಗೆ ಬಾಯಲ್ಲಿ ಏನಾದರೂ ಹಿಡಿದಿರುವುದೇ ಸುಖ. ನಾವು ಪ್ರತಿ ಸಲವೂ ಓಡಿಸಿಕೊಂಡು ಹೋಗಿ ಕಿತ್ತುಕೊಂಡರೆ ‘ಇದನ್ನು ಕಾಯಬೇಕು’ ಎಂದು ನಾವೇ ಕಲಿಸಿದಂತೆ. ಕಿತ್ತುಕೊಳ್ಳಬೇಡಿ, ಬದಲಿ ಕೊಡಿ. ಚಪ್ಪಲಿ ಬಿಟ್ಟರೆ ಈಲಿ ಚೂರು. ಸಾಧ್ಯವಾದಾಗೆಲ್ಲ ಅದರ ವಸ್ತುವನ್ನೂ ತಿರುಗಿ ಕೊಡಿ, ಕೊಟ್ಟರೆ ನಷ್ಟವಿಲ್ಲ ಅನ್ನುವ ನಂಬಿಕೆ ಹುಟ್ಟಲಿ. ತಟ್ಟೆಗೆ ಕೈ ಹಾಕಿ ‘ಯಾರು ಯಜಮಾನ’ ಎಂದು ತೋರಿಸುವ ಚಾಳಿ ಕೆಲವರಿಗಿದೆ. ಬಿಡಿ. ನಿಮ್ಮ ಊಟದ ಎಲೆಗೆ ಯಾರಾದರೂ ಕೈ ಹಾಕಿದರೆ ಸುಮ್ನೆ ಇರ್ತೀರಾ?

ಪಂದಿ ಕರಿ (ಹಂದಿ ಸಾರು) ಮಾಡಿದ ದಿನ ಬೇಯಿಸಿದ ಎಲುಬು ಕೊಡಲೇಬೇಡಿ. ಜಗಳಕ್ಕೂ ಅದೇ ಮೂಲ. ಬೆಂದ ಎಲುಬು ಸೀಳಿ ಹೊಟ್ಟೆಗೆ ಚುಚ್ಚುವುದೂ ಉಂಟು.

ಮೈ ಬಿಗಿ ಮಾಡಿ ಕಣ್ಣಂಚು ಬೆಳ್ಳಗೆ ಕಾಣುವ ಹಾಗೆ ನೋಡುತ್ತಿದ್ದರೆ ಮಕ್ಕಳನ್ನು ದೂರ ಕರೆಯಿರಿ. ಗುರ್ರ್ ಅಂದದ್ದಕ್ಕೆ ಶಿಕ್ಷೆ ಬೇಡ. ಅದು ಎಚ್ಚರಿಕೆ. ಅದನ್ನು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಹೇಳದೆ ಕಚ್ಚುತ್ತದೆ.

ಹೊಂಬಣ್ಣದ ಕಾಕರ್‌ಗೆ ಇದ್ದಕ್ಕಿದ್ದಂತೆ ಹುಚ್ಚು ಕೋಪ ಬರುತ್ತಂತೆ, ನಿಜವಾ?

ಅರ್ಧ ನಿಜ. ಕಾರಣವಿಲ್ಲದೆ ಮೈಮೇಲೆ ಬಂದ ಹಾಗೆ ಎರಗಿ, ಆಮೇಲೆ ಏನೂ ಆಗದಂತೆ ಇರುವ ಒಂದು ಕಾಯಿಲೆಯನ್ನು ಈ ತಳಿಯಲ್ಲಿ ಗುರುತಿಸಿದ್ದಾರೆ, ಆದರೆ ಅದು ಬಹಳ ಅಪರೂಪ. 1996ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಒಂದೇ ಬಣ್ಣದ ಕಾಕರ್‌ಗಳಲ್ಲಿ, ಅದರಲ್ಲೂ ಕೆಂಪು, ಹೊಂಬಣ್ಣದವುಗಳಲ್ಲಿ, ಎರಡು ಬಣ್ಣದವಕ್ಕಿಂತ ಸಿಡುಕು ಜಾಸ್ತಿ ಕಂಡಿತ್ತು. ಹಾಗಂತ ಹೊಂಬಣ್ಣದ್ದೆಲ್ಲ ಕಚ್ಚುತ್ತದೆ ಎಂದಲ್ಲ. ನಮ್ಮ ಈಗಿನ ಜಿಮ್ಮಿ ಹೊಂಬಣ್ಣದವಳೇ, ಬೆಕ್ಕು ಮೇಲೆ ಮಲಗಿದರೂ ಏಳುವುದಿಲ್ಲ.

ಜನ ಹುಚ್ಚು ಕೋಪ ಅನ್ನುವ ಹತ್ತರಲ್ಲಿ ಒಂಬತ್ತಕ್ಕೆ ಕಾರಣ ಕಿವಿ ನೋವು, ಹಲ್ಲು ನೋವು, ಇಲ್ಲವೇ ಮೇಲೆ ಹೇಳಿದ ತಟ್ಟೆ ಜಗಳ ಅನ್ನುವುದು ನನ್ನ ಅಂದಾಜು. ಶಾಂತವಾಗಿದ್ದ ನಾಯಿ ದಿಢೀರ್ ಬದಲಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ತರಬೇತಿ ಆಮೇಲೆ.

ಕೋವಿ ಸದ್ದಿಗೆ ಹೆದರುತ್ತಾ? ಬೇಟೆನಾಯಿ ಅಲ್ವಾ?

ಹುಟ್ಟಿನಿಂದ ಯಾವ ನಾಯಿಗೂ ಕೋವಿ ಸದ್ದು ಅಭ್ಯಾಸವಿರುವುದಿಲ್ಲ. ಅದನ್ನು ರೂಢಿ ಮಾಡಿಸಬೇಕು. ಕೊಡಗಿನಲ್ಲಿ ಇದು ದೊಡ್ಡ ವಿಷಯ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್, ಕೋವಿಗೆ ಹೂವಿಟ್ಟು ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗುಂಡು, ಹಿಂದೆಯೇ ಪಟಾಕಿ. ಸಾವಿನ ಮನೆಯಿಂದ ಎರಡು ಗುಂಡು ಕೇಳಿದರೆ ಊರಿಗೆ ಸುದ್ದಿ. ಇದರ ಮೇಲೆ ಆನೆ ಓಡಿಸಲು ರಾತ್ರಿ ಪಟಾಕಿ ಬೇರೆ.

ಮರಿ ಮೂರು ವಾರದಿಂದ ಹದಿನಾಲ್ಕು ವಾರದವರೆಗೆ ಹೊಸತನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆಗಲೇ ಶುರು ಮಾಡಿ. ಊಟ ಮಾಡುತ್ತಿರುವಾಗ ದೂರದ ಕೋಣೆಯಲ್ಲಿ ಪಾತ್ರೆ ಮುಚ್ಚಳ ಬೀಳಿಸಿ. ಕಿವಿ ಎತ್ತಿ ಮತ್ತೆ ತಿನ್ನಲು ಶುರು ಮಾಡಿದರೆ ಸರಿ, ನಾಳೆ ಒಂದು ಹೆಜ್ಜೆ ಹತ್ತಿರ. ತಟ್ಟೆ ಬಿಟ್ಟು ಓಡಿದರೆ ನೀವು ಅವಸರ ಮಾಡಿದಿರಿ, ಎರಡು ಹೆಜ್ಜೆ ಹಿಂದೆ ಹೋಗಿ. ‘ಅಭ್ಯಾಸ ಆಗಲಿ’ ಅಂತ ಮರಿಯನ್ನು ನೇರ ಕೈಲ್‌ಪೊಳ್ದ್ ಮೈದಾನಕ್ಕೆ ಎತ್ತಿಕೊಂಡು ಹೋದವರನ್ನು ನೋಡಿದ್ದೇನೆ. ಆ ನಾಯಿ ಆಮೇಲೆ ಗುಡುಗಿಗೂ ನಡುಗುತ್ತಿತ್ತು. ಈಗಾಗಲೇ ಹೆದರಿದ ನಾಯಿಯಾದರೆ ಹಬ್ಬದ ದಿನ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ರೇಡಿಯೋ ಹಾಕಿ, ಪಕ್ಕದಲ್ಲಿ ಯಾರಾದರೂ ಕೂತಿರಿ. ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತೆ ಅನ್ನುವುದು ಸುಳ್ಳು.

ಬೇಟೆಗೆ ಕರ್ಕೊಂಡು ಹೋಗಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಕೊಡವರಿಗೆ ವಿನಾಯಿತಿ ಇರುವುದು ಕೋವಿಯ ಲೈಸೆನ್ಸಿಗೆ, ಬೇಟೆಗೆ ಅಲ್ಲ. ನಾಯಿಯ ಆಸೆ ತೀರಿಸಲು ಹಳೆಯ ಕಾಲುಚೀಲದೊಳಗೆ ಕೋಳಿ ಗರಿ ತುಂಬಿ ಗಿಡಗಳ ನಡುವೆ ಬಚ್ಚಿಡಿ. ‘ಹುಡುಕು’ ಅನ್ನಿ. ಎಡಕ್ಕೆ ಬಲಕ್ಕೆ ಸುಳಿದಾಡುತ್ತಾ ಹುಡುಕುವುದನ್ನು ನೋಡಿದರೆ ಅಜ್ಜನ ಕಾಲದ ಕಥೆಗಳೆಲ್ಲ ನೆನಪಾಗುತ್ತವೆ. ಇಪ್ಪತ್ತು ನಿಮಿಷ ಮೂಗಿಗೆ ಕೆಲಸ ಕೊಟ್ಟರೆ ಒಂದು ಗಂಟೆ ಓಡಿದಷ್ಟು ದಣಿಯುತ್ತದೆ.

ತೋಟದಲ್ಲಿ ಸುಮ್ನೆ ಬಿಟ್ಟುಬಿಡಬಹುದಾ?

ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಮಾತ್ರ. ಚಿರತೆಗೆ 14 ಕಿಲೋದ ನಾಯಿ ಒಂದು ತುತ್ತು, ಸಂಜೆ ಆರರ ಮೇಲೆ ಒಳಗೇ ಇರಲಿ. ಕೊಳಕುಮಂಡಲ ತರಗೆಲೆಯಲ್ಲಿ ಮಲಗಿರುತ್ತದೆ, ಈ ನಾಯಿಯ ಮೂಗು ಇರುವುದೂ ಅಲ್ಲೇ. ಹಂದಿಗೆ ಇಟ್ಟ ಉರುಳು, ಕರೆಂಟು ಬೇಲಿ ಕೂಡ ಇವೆ.

ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ನೆನಪಿರಲಿ. ಶನಿವಾರಸಂತೆ ಕಡೆ ಆಫ್ರಿಕದ ದೈತ್ಯ ಬಸವನಹುಳುವಿನ ಕಾಟ ಕಂಡವರಿಗೆ ಗೊತ್ತು. ನಾಯಿ ಆ ಗುಳಿಗೆಯನ್ನು ತಿಂಡಿಯ ಹಾಗೆ ತಿನ್ನುತ್ತದೆ. ನಡುಕ, ಫಿಟ್ಸ್ ಬರುತ್ತದೆ, ಗಂಟೆ ನೋಡದೆ ಡಾಕ್ಟರ ಹತ್ತಿರ ಓಡಬೇಕು. ಹಣ್ಣಾಗಿ ಬಿದ್ದ ಕಾಫಿ ಕೂಡ ಒಳ್ಳೆಯದಲ್ಲ, ಕೆಫೀನ್ ನಾಯಿಗೆ ವಿಷ. ಅದಕ್ಕೇ ನಾನು ‘ಬಾ’ ಆದ ಮೇಲೆ ಕಲಿಸುವ ಎರಡನೆಯ ಮಾತು ‘ಬಿಡು’. ಮುಷ್ಟಿಯಲ್ಲಿ ಚೂರು ಹಿಡಿದು ಮೂಗಿನ ಮುಂದಿಡಿ. ನೆಕ್ಕಲಿ, ಕೆರೆಯಲಿ, ಕೊಡಬೇಡಿ. ಮೂತಿ ಹಿಂದೆ ತೆಗೆದ ಕ್ಷಣ ‘ಬಿಡು’ ಎಂದು ಇನ್ನೊಂದು ಕೈಯಿಂದ ಇನ್ನೂ ರುಚಿಯಾದದ್ದು ಕೊಡಿ.

ಮಳೆಗಾಲದಲ್ಲಿ ಏನು ಮಾಡೋದು?

ಜೂನ್‌ನಿಂದ ಸೆಪ್ಟೆಂಬರ್ ಕಾಕರ್ ಸಾಕುವವರಿಗೆ ಪರೀಕ್ಷೆ. ಜಿಗಣೆ, ಉಣ್ಣಿ, ಒದ್ದೆ ಕಿವಿ. ಜೋತುಬಿದ್ದ ಕಿವಿಯೊಳಗೆ ಗಾಳಿಯಾಡದೆ ಸೋಂಕಾಗುತ್ತದೆ, ನೋವಾದ ನಾಯಿ ಸಿಡುಕುತ್ತದೆ, ಆಗ ‘ಸ್ವಭಾವ ಕೆಟ್ಟಿತು’ ಅನ್ನುತ್ತೇವೆ. ಮರಿಯಿದ್ದಾಗಿನಿಂದಲೇ ಕಿವಿ ಎತ್ತುವುದು, ಪಾದ ಹಿಡಿಯುವುದು, ಬಾಚುವುದು ಎಲ್ಲವನ್ನೂ ಚೂರು ಕೊಟ್ಟು ಅಭ್ಯಾಸ ಮಾಡಿಸಿ. ಇದೂ ತರಬೇತಿಯೇ. ಹೊರಗಿನಿಂದ ಬಂದ ಮೇಲೆ ಕಿವಿಯ ಒಳಮೈ ಒಣ ಬಟ್ಟೆಯಲ್ಲಿ ಒರೆಸಿ. ಊಟದ ಹೊತ್ತಿಗೆ ಕಿವಿಗಳೆರಡನ್ನೂ ಹಳೆ ಕಾಲುಚೀಲದ ತುಂಡಿನೊಳಗೆ ಸೇರಿಸಿ, ನೋಡಲು ತಲೆಗೆ ವಸ್ತ್ರ ಕಟ್ಟಿದ ಅಜ್ಜಿಯಂತೆ ಕಾಣುತ್ತದೆ.

ವಾರಗಟ್ಟಲೆ ಹೊರಗೆ ಹೋಗಲಾಗದಿದ್ದರೆ ಮನೆಯೊಳಗೇ ಹುಡುಕಾಟ. ನಮ್ಮಲ್ಲಿ ಅಟ್ಟದ ಮೆಟ್ಟಿಲು, ಗೋಣಿ ಚೀಲ, ಖಾಲಿ ಪೆಟ್ಟಿಗೆ ಎಲ್ಲ ಅದಕ್ಕೇ ಮೀಸಲು.

ಕಾವಲಿಗೆ ಆಗುತ್ತಾ?

ಬೊಗಳುತ್ತದೆ. ಆಮೇಲೆ ಕಳ್ಳನಿಗೆ ಚಪ್ಪಲಿ ತಂದುಕೊಡುತ್ತದೆ.

ಕೋಳಿ, ಬೆಕ್ಕು, ಮಕ್ಕಳ ಜೊತೆ?

ಬೆಕ್ಕಿನ ಜೊತೆ ಮರಿಯಿಂದ ಬೆಳೆದರೆ ತೊಂದರೆಯಿಲ್ಲ. ಕೋಳಿಯನ್ನು ನಂಬಿ ಬಿಡಬೇಡಿ. ಹಕ್ಕಿ ಎಬ್ಬಿಸುವುದು ಅದರ ರಕ್ತದಲ್ಲಿದೆ. ಕೊಲ್ಲದಿದ್ದರೂ ಓಡಿಸಿ ಓಡಿಸಿ ಮೊಟ್ಟೆ ಇಡದಂತೆ ಮಾಡುತ್ತದೆ. ಮಕ್ಕಳ ಜೊತೆ ಚೆನ್ನಾಗಿರುತ್ತದೆ. ಕಿವಿ ಎಳೆಯುವ ವಯಸ್ಸಿನ ಮಗುವಿದ್ದರೆ ನೀವು ಪಕ್ಕದಲ್ಲೇ ಇರಬೇಕು.

ನಾವು ಬೆಂಗಳೂರಲ್ಲಿದ್ದೀವಿ, ವಾರಕ್ಕೊಮ್ಮೆ ತೋಟಕ್ಕೆ ಬರ್ತೀವಿ. ತೋಟದ ಲೆಕ್ಕ ನೋಡೋ ರೈಟರ್ ಊಟ ಹಾಕ್ತಾರೆ. ಸಾಕಲ್ವಾ?

ಸಾಲದು. ಒಂಟಿತನ ಇದಕ್ಕೆ ಆಗಿಬರುವುದಿಲ್ಲ. ಬಾಗಿಲು ಕೆರೆಯುವುದು, ಪಾದ ನೆಕ್ಕಿ ಗಾಯ ಮಾಡಿಕೊಳ್ಳುವುದು, ದಿನವಿಡೀ ಊಳಿಡುವುದು ಶುರುವಾಗುತ್ತದೆ. ಇಲ್ಲವೇ ಅದು ರೈಟರ ನಾಯಿಯಾಗುತ್ತದೆ. ಆಗ ನೀವು ವಿಸಲ್ ಊದಿ ಪ್ರಯೋಜನವಿಲ್ಲ.

ಮರಿ ತರುವಾಗ ಏನು ನೋಡಬೇಕು?

ತಾಯಿಯನ್ನು ನೋಡಿ. ತಾಯಿ ಅಪರಿಚಿತರ ಹತ್ತಿರ ಬಂದು ಮೂಸಿ ಬಾಲ ಅಲ್ಲಾಡಿಸಿದರೆ ಅರ್ಧ ಕೆಲಸ ಮುಗಿಯಿತು. ಮೂಲೆಗೆ ಹೋಗಿ ಗುರ್ರ್ ಅಂದರೆ ಮರಿ ಎಷ್ಟೇ ಮುದ್ದಾಗಿದ್ದರೂ ಬೇಡ. ‘ಈ ಸಲ ತಾಯಿಯನ್ನು ತೋರಿಸಲಾಗಲ್ಲ’ ಅನ್ನುವವರ ಬಳಿ ಕೊಳ್ಳಲೇಬೇಡಿ. 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅದು ನಮ್ಮ ಒಳ್ಳೆಯದಕ್ಕೇ, ಹಗುರವಾಗಿ ಕಚ್ಚುವುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಜಗಳವಾಡುತ್ತಲೇ.

ನಮ್ಮ ನಾಯಿಗೆ ಈಗಾಗಲೇ ಆರು ವರ್ಷ. ಇನ್ನು ಕಲಿಯುತ್ತಾ?

ಜಿಮ್ಮಿ ನಮ್ಮ ಮನೆಗೆ ಬಂದಾಗ ಅವಳಿಗೆ ಐದು ದಾಟಿತ್ತು. ಸಾಕಿದವರು ವಿದೇಶಕ್ಕೆ ಹೊರಟಿದ್ದರು. ಹೆಸರು ಬಿಟ್ಟು ಬೇರೇನೂ ಗೊತ್ತಿರಲಿಲ್ಲ, ಅದನ್ನೂ ಮನಸ್ಸಾದರೆ ಕೇಳುತ್ತಿದ್ದಳು. ಅದೇ ಊಟದ ತಟ್ಟೆ, ಅದೇ ವಿಸಲ್, ಅದೇ ಮೂವತ್ತು ಅಡಿ ಹಗ್ಗ. ಮರಿಗಿಂತ ನಿಧಾನವೇನೂ ಆಗಲಿಲ್ಲ, ಹಳೆಯ ಅಭ್ಯಾಸ ಬಿಡಿಸಲು ಮಾತ್ರ ಹೊತ್ತು ಹಿಡಿಯಿತು. ಹೋದ ಜನವರಿಯಲ್ಲಿ ರೊಬಸ್ಟಾ ಕೊಯ್ಲಿನ ದಿನ, ಗೋಣಿ ಚೀಲಗಳ ನಡುವಿನಿಂದ ಕಾಡುಕೋಳಿಯೊಂದು ಪಟಪಟ ಎದ್ದಿತು. ಅವಳು ಹಿಂದೆಯೇ ಹಾರಿದಳು. ಉದ್ದಕ್ಕೆ ಒಂದು ಸಲ ಊದಿದೆ. ಕಾಲು ಕೆಸರಲ್ಲಿ ಜಾರಿಸಿಕೊಂಡು ಕೂತು, ಹಕ್ಕಿ ಹೋದ ದಿಕ್ಕನ್ನೊಮ್ಮೆ, ನನ್ನ ಜೇಬನ್ನೊಮ್ಮೆ ನೋಡಿದಳು. ಜೇಬಲ್ಲಿ ಅವತ್ತು ಈಲಿ ಇರಲಿಲ್ಲ. ಕೊಯ್ಲಿಗೆ ಬಂದವರ ಬುತ್ತಿಯಿಂದ ಬೇಯಿಸಿದ ಮೊಟ್ಟೆಯಲ್ಲಿ ಅರ್ಧ ಕೇಳಿ ಕೊಟ್ಟೆ.